ತಾಲೀಮು ಅಂದರೆ ಯಾವುದು?

2023ರ ಒಂದು ಸಂಜೆ. ಮಗಳು ಆಗ ಬಿ.ಕಾಂ. ಮೊದಲ ವರ್ಷದಲ್ಲಿದ್ದಳು. ಊಟದ ಮೇಜಿನ ಮೇಲೆ ಉದ್ದನೆಯ ರೆಕಾರ್ಡ್ ಪುಸ್ತಕ ಹರಡಿಕೊಂಡು, ಸ್ಕೇಲು, ಪೆನ್ಸಿಲು, ಬಣ್ಣದ ಪೆನ್ನುಗಳನ್ನಿಟ್ಟುಕೊಂಡು ಗೆರೆ ಎಳೆಯುತ್ತಿದ್ದಳು. ಬಿ.ಕಾಂ. ಹುಡುಗಿಗೆ ಚಿತ್ರ ಬಿಡಿಸುವ ಕೆಲಸ ಎಲ್ಲಿಂದ ಬಂತು ಎಂದು ನಮಗೆ ಕುತೂಹಲವಾಯಿತು.

"ವಾಲಿಬಾಲ್ ಕೋರ್ಟ್ ಅಮ್ಮೀ. ಹದಿನೆಂಟು ಮೀಟರ್ ಉದ್ದ, ಒಂಬತ್ತು ಮೀಟರ್ ಅಗಲ. ಹುಡುಗಿಯರಿಗಾದರೆ ನೆಟ್ಟಿನ ಎತ್ತರ ಎರಡು ಪಾಯಿಂಟ್ ಇಪ್ಪತ್ನಾಲ್ಕು. ನಾಳೆ ಕೊಡಬೇಕು" ಎಂದಳು.

"ನೀನು ವಾಲಿಬಾಲ್ ಆಡುತ್ತೀಯಾ?"

"ಇಲ್ಲ. ಚೆಂಡು ರೂಮಿನಲ್ಲಿದೆ. ರೂಮಿಗೆ ಬೀಗ."

ಅವಳಿಗೆ ಇದರಲ್ಲಿ ವಿಶೇಷವೇನೂ ಕಾಣಲಿಲ್ಲ. ಹಿಂದಿನ ಪುಟದಲ್ಲಿ ಕಬಡ್ಡಿ ಅಂಗಣವಿತ್ತು. ಅದರ ಹಿಂದೆ ಹತ್ತು ಯೋಗಾಸನಗಳ ಹೆಸರು, ಪ್ರತಿಯೊಂದರ ಪ್ರಯೋಜನ, ಪಕ್ಕದಲ್ಲಿ ಕಡ್ಡಿಯಂಥ ಮನುಷ್ಯನ ಚಿತ್ರ. ಅಕ್ಷರ ದುಂಡಗಿತ್ತು. ಕೆಂಪು ಶಾಯಿಯಲ್ಲಿ ಅಂಡರ್‌ಲೈನ್ ಮಾಡಿದ್ದಳು. ಆ ವರ್ಷ ಅವಳಿಗೆ ಅದರಲ್ಲಿ ಇಪ್ಪತ್ತೈದಕ್ಕೆ ಇಪ್ಪತ್ಮೂರು ಬಂತು. ಅದೇ ವರ್ಷ ಬಸ್‌ಸ್ಟಾಂಡಿನಿಂದ ಮನೆಗೆ ಬರುವ ಏರು ದಾರಿಯಲ್ಲಿ ಅವಳು ಎರಡು ಕಡೆ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದಳು. ಹತ್ತೊಂಬತ್ತು ವರ್ಷದ ಹುಡುಗಿ.

ಅವಳ ಕಾಲೇಜಿನ ಹೆಸರು ಇಲ್ಲಿ ಬೇಡ. ಅದೊಂದೇ ಹಾಗಿದೆ ಎಂದು ಓದುಗರು ತಿಳಿದುಕೊಂಡರೆ ಅನ್ಯಾಯವಾಗುತ್ತದೆ.

*

ನಾವು ಓದಿದ್ದು ಎರಡು ಭಾಷೆಯಲ್ಲಿ. ಬೈಂದೂರು ಕಡೆಯ ನಮ್ಮ ಊರಿನ ಉರ್ದು ಶಾಲೆಯಲ್ಲಿ ಏಳನೆಯ ತರಗತಿಯವರೆಗೆ. ಆಮೇಲೆ ಕನ್ನಡ ಹೈಸ್ಕೂಲು. ಉರ್ದು ಶಾಲೆಯ ಮುಖ್ಯೋಪಾಧ್ಯಾಯರು ಎದ್ದರೂ ಕೂತರೂ 'ತಾಲೀಮ್' ಎನ್ನುತ್ತಿದ್ದರು. ತಾಲೀಮ್ ಇಲ್ಲದವನು ಕುರುಡ, ಹುಡುಗಿಯರಿಗೆ ತಾಲೀಮ್ ಕೊಡಿ, ಬೀಡಿ ಕಟ್ಟಲು ಕೂರಿಸಬೇಡಿ ಎಂದು ಮನೆಮನೆಗೆ ಹೋಗಿ ಹೇಳುತ್ತಿದ್ದರು. ತಾಲೀಮ್ ಎಂದರೆ ನಮಗೆ ಪುಸ್ತಕ, ಸ್ಲೇಟು, ಅಲಿಫ್ ಬೇ.

ಕನ್ನಡ ಹೈಸ್ಕೂಲಿಗೆ ಸೇರಿದ ಮೊದಲ ತಿಂಗಳಲ್ಲೇ ಡ್ರಿಲ್ ಮಾಸ್ಟ್ರು ಬಂದು, "ಆಗಸ್ಟ್ ಹದಿನೈದಕ್ಕೆ ಇನ್ನು ಹತ್ತೇ ದಿನ. ನಾಳೆಯಿಂದ ಸಂಜೆ ತಾಲೀಮು. ಯಾರೂ ತಪ್ಪಿಸಬಾರದು" ಎಂದರು. ನಾವು ಮರುದಿನ ಸಂಜೆ ಪುಸ್ತಕ, ಪೆನ್ನು ಹಿಡಿದುಕೊಂಡು ಮೈದಾನಕ್ಕೆ ಹೋಗಿ ನಿಂತೆವು. ಇಡೀ ತರಗತಿ ನಕ್ಕಿತು. ಮಾಸ್ಟ್ರೂ ನಕ್ಕರು. ಆಮೇಲೆ, "ಅದೂ ತಾಲೀಮೇ ಮಾರಾಯ್ತಿ, ಇದೂ ತಾಲೀಮೇ. ಪುಸ್ತಕ ಅಲ್ಲಿಡು, ಲೈನಿಗೆ ಬಾ" ಎಂದರು.

ಅರಬ್ಬಿಯಿಂದ ಹೊರಟ ಶಬ್ದ ಉರ್ದುವಿನಲ್ಲಿ ವಿದ್ಯೆಯಾಗಿ ಉಳಿಯಿತು. ಮರಾಠಿ, ಕನ್ನಡಗಳಿಗೆ ಬರುವಾಗ ಗರಡಿಮನೆಯನ್ನೂ ಹೊಕ್ಕಿತು. ನಾಟಕದವರು ತಾಲೀಮು ಮಾಡುತ್ತಾರೆ, ಪೈಲ್ವಾನರೂ ಮಾಡುತ್ತಾರೆ. ನಮ್ಮ ಕರಾವಳಿಯಲ್ಲಿ ದಸರೆಯ ಮೆರವಣಿಗೆಯ ಕೋಲುವರಸೆ, ಕತ್ತಿವರಸೆಗೂ ತಾಲೀಮು ಎಂದೇ ಹೆಸರು. ಕಸರತ್ತು, ಕುಸ್ತಿ, ಪೈಲ್ವಾನ, ಮೈದಾನ, ಶಾಬಾಸ್, ಕೊನೆಗೆ ಮಾಸ್ಟ್ರು ತೆಗೆದುಕೊಳ್ಳುವ ಹಾಜರಿ. ಇವೆಲ್ಲ ನಮ್ಮ ಎರಡೂ ಶಾಲೆಗಳಲ್ಲಿ ಒಂದೇ ಶಬ್ದಗಳು. ಹಾಗಿದ್ದೂ ಆಟ ಬೇರೆ, ಪಾಠ ಬೇರೆ ಎನ್ನುವುದನ್ನು ನಮಗೆ ಯಾರು ಕಲಿಸಿದರು ಎಂದು ನಾವು ಆಗಾಗ ಯೋಚಿಸುತ್ತೇವೆ.

ಆ ವರ್ಷ ನಾವು ಓಡಿದೆವು. ನೂರು ಮೀಟರ್, ಇನ್ನೂರು ಮೀಟರ್. ಕಾಲಿಗೆ ಚಪ್ಪಲಿಯಿಲ್ಲ, ಶಲ್ವಾರದ ಮೇಲೆ ದುಪಟ್ಟಾ ಸೊಂಟಕ್ಕೆ ಬಿಗಿದು ಗಂಟು. ಶಾಲೆಯಲ್ಲಿ ಎರಡನೆಯವರಾದೆವು. ಮಾಸ್ಟ್ರು ವಲಯ ಮಟ್ಟದ ಪಂದ್ಯಕ್ಕೆ ಹೆಸರು ಕೊಟ್ಟರು. ಮನೆಯಲ್ಲಿ ಹೇಳಿದಾಗ ದಾದಿ ಪಾನ್ ಡಬ್ಬಿಯಿಂದ ತಲೆಯೆತ್ತದೆಯೇ, "ಬೇಟೀ ಜಾತ್ ಕೂ ದೌಡ್ನಾ ಕೈಕು?" ಎಂದರು. ಹೆಣ್ಣಾಗಿ ಹುಟ್ಟಿದವಳಿಗೆ ಓಟ ಯಾಕೆ? ಅಬ್ಬಾ ಏನೂ ಹೇಳಲಿಲ್ಲ. ಬೇಡ ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಆ ಮೌನವನ್ನು ನಾವು ಬೇಡ ಎಂದೇ ಓದಿಕೊಂಡೆವು. ಪಂದ್ಯದ ದಿನ ಹೊಟ್ಟೆನೋವು ಎಂದು ಮಲಗಿದೆವು. ಆಮೇಲೆ ಓಡಿದ್ದು ಬಸ್ಸು ಹಿಡಿಯುವುದಕ್ಕೆ ಮಾತ್ರ.

ದಾದಿಯನ್ನು ದೂರಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ನಮ್ಮ ಜೊತೆ ಓಡಿದ ಬೇರೆ ಜಾತಿಯ ಹುಡುಗಿಯರಲ್ಲಿ ಪದವಿಯವರೆಗೂ ಓಡಿದವರು ಎಷ್ಟು ಮಂದಿ? ಒಬ್ಬಳೂ ಇಲ್ಲ. ಒಬ್ಬೊಬ್ಬರ ಮನೆಯಲ್ಲೂ ಒಬ್ಬೊಬ್ಬ ದಾದಿ ಇದ್ದರು, ಹೆಸರು ಮಾತ್ರ ಬೇರೆ. ಕಾಲೇಜಿಗೆ ಬಂದ ಮೇಲೆ ದಾದಿಯ ಕೆಲಸವನ್ನು ಟೈಂಟೇಬಲ್ಲೇ ಮಾಡಿತು. ಅದರಲ್ಲಿ ಆಟಕ್ಕೆ ಜಾಗವೇ ಇರಲಿಲ್ಲ. ತಂಡಕ್ಕೆ ಆಯ್ಕೆಯಾದ ಹತ್ತು ಹದಿನೈದು ಮಂದಿ ಬೆಳಿಗ್ಗೆ ಸಂಜೆ ಅಭ್ಯಾಸ ಮಾಡುತ್ತಿದ್ದರು. ಉಳಿದ ಐನೂರು ಮಂದಿ ವಾರ್ಷಿಕ ಕ್ರೀಡಾಕೂಟದ ದಿನ ಕೊಡೆ ಹಿಡಿದು ಕೂತು ಚಪ್ಪಾಳೆ ತಟ್ಟುತ್ತಿದ್ದರು.

*

ನಮ್ಮ ಕಡೆ ಕಾಲೇಜುಗಳಿಗೆ ಬರವಿಲ್ಲ. ಕುಂದಾಪುರದ ಭಂಡಾರ್ಕಾರ್ಸ್ ಕಾಲೇಜು 1963ರಿಂದ ಇದೆ. 1980ರಲ್ಲಿ ಮಂಗಳೂರು ವಿಶ್ವವಿದ್ಯಾನಿಲಯ ಹುಟ್ಟಿತು. ಬೈಂದೂರು, ಶಂಕರನಾರಾಯಣ, ಕೋಟ ಪಡುಕೆರೆಗಳಲ್ಲಿ ಸರಕಾರಿ ಪ್ರಥಮದರ್ಜೆ ಕಾಲೇಜುಗಳಾದವು. ಬ್ರಹ್ಮಾವರದಲ್ಲೂ ಕಾಲೇಜುಗಳಿವೆ. 2018ರಲ್ಲಿ ಬೈಂದೂರು, ಬ್ರಹ್ಮಾವರ ಎರಡೂ ಬೇರೆ ಬೇರೆ ತಾಲೂಕುಗಳಾದವು. ನಮ್ಮ ಕಾಲದಲ್ಲಿ ಒಂದು ಮನೆಗೆ ಒಬ್ಬ ಪದವೀಧರ ಸಿಕ್ಕಿದರೆ ಹೆಚ್ಚು. ಈಗ ಮೀನು ಮಾರುವವರ ಮಗಳು, ಗೇರುಬೀಜ ಕಾರ್ಖಾನೆಗೆ ಹೋಗುವವರ ಮಗಳು, ನಮ್ಮ ಮಗಳು ಎಲ್ಲರೂ ಒಂದೇ ಬಸ್ಸಿನಲ್ಲಿ ಹೋಗುತ್ತಾರೆ. ಇದು ಸಣ್ಣ ಸಂಗತಿಯಲ್ಲ.

ಆದರೆ ಆ ಬಸ್ಸಿನದೇ ಒಂದು ಲೆಕ್ಕವಿದೆ. ಒಳಗಿನ ಹಳ್ಳಿಯ ಹುಡುಗಿ ಏಳು ಗಂಟೆಗೆ ಮನೆ ಬಿಡುತ್ತಾಳೆ. ಸಂಜೆ ನಾಲ್ಕೂವರೆಯ ಬಸ್ಸು ತಪ್ಪಿದರೆ ಮುಂದಿನದು ಕತ್ತಲಾದ ಮೇಲೆ. 'ಆಸಕ್ತರು ಸಂಜೆ ಐದರ ನಂತರ ಮೈದಾನಕ್ಕೆ ಬನ್ನಿ' ಎಂದು ನೋಟೀಸು ಹಚ್ಚಿದರೆ ಆ ಹುಡುಗಿಯ ಪಾಲಿಗೆ ಮೈದಾನ ಇದ್ದೂ ಇಲ್ಲದ ಹಾಗೆ. ಆಸಕ್ತಿ ಇಲ್ಲವೆಂದಲ್ಲ, ಬಸ್ಸಿಲ್ಲ. ಹಾಗಾಗಿ ಆಟ ಪಾಠದ ಹೊತ್ತಿನೊಳಗೇ ಬರಬೇಕು ಎನ್ನುವುದು ನಮ್ಮಂಥ ಊರುಗಳ ಮಟ್ಟಿಗೆ ಬಹಳ ದೊಡ್ಡ ಮಾತು.

2021ರಲ್ಲಿ ಕರ್ನಾಟಕವು ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಪದವಿ ತರಗತಿಗಳಿಗೆ ತಂದಾಗ ಈ ಮಾತು ಕಾಗದದ ಮೇಲೆ ಬಂತು. ಯೋಗ, ಆರೋಗ್ಯ ಮತ್ತು ಸ್ವಾಸ್ಥ್ಯ, ಕ್ರೀಡೆ ಎಂಬ ಹೆಸರಿನ ಪ್ರಾಯೋಗಿಕ ತರಗತಿಗಳು ಟೈಂಟೇಬಲ್ ಸೇರಿದವು. ಒಂದು ಕ್ರೆಡಿಟ್, ವಾರಕ್ಕೆ ಎರಡು ಗಂಟೆ, ಆಂತರಿಕ ಅಂಕ. ತಂಡಕ್ಕೆ ಆಯ್ಕೆಯಾದವರಿಗಷ್ಟೇ ಅಲ್ಲ, ಎಲ್ಲರಿಗೂ. ಆ ನೀತಿಯ ಬಗ್ಗೆ ನಮಗೆ ನೂರು ತಕರಾರುಗಳಿದ್ದವು. ಇದೊಂದು ಮಾತ್ರ ಒಳ್ಳೆಯದಾಯಿತು ಎಂದುಕೊಂಡಿದ್ದೆವು. ಕೈಗೆ ಬಂದದ್ದು ರೆಕಾರ್ಡ್ ಪುಸ್ತಕ.

ಯಾಕೆ ಹೀಗಾಯಿತು? ನಾವು ಕಂಡಂತೆ ಕಾರಣ ಯಾರದೋ ಒಬ್ಬರ ಸೋಮಾರಿತನವಲ್ಲ. ಒಂದು ತರಗತಿಯಲ್ಲಿ ಅರವತ್ತು ಎಪ್ಪತ್ತು ಮಂದಿ. ಇಡೀ ಕಾಲೇಜಿಗೆ ದೈಹಿಕ ಶಿಕ್ಷಣಕ್ಕೆ ಒಬ್ಬರೇ. ಅವರೂ ಕೆಲವೊಮ್ಮೆ ಇರುವುದಿಲ್ಲ. ಆಗ ಬೇರೆ ವಿಷಯದ ಅಧ್ಯಾಪಕರಿಗೆ ಆ ತರಗತಿ ಹೊರಿಸುತ್ತಾರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಮಳೆಯಲ್ಲಿ ಮೈದಾನ ಗದ್ದೆಯಾಗಿರುತ್ತದೆ. ಹುಡುಗಿಯರಿಗೆ ಬಟ್ಟೆ ಬದಲಿಸಲು ಕೋಣೆಯಿಲ್ಲ. ಆದರೆ ಅಂಕ ಕಳುಹಿಸಲು ಕೊನೆಯ ದಿನಾಂಕವಿದೆ. ಹೀಗಿರುವಾಗ ಎಲ್ಲರಿಗೂ ಅನುಕೂಲವಾದ ದಾರಿ ಒಂದೇ. ಬೆವರಿಗೆ ದಾಖಲೆಯಿಲ್ಲ, ಪುಸ್ತಕಕ್ಕೆ ಇದೆ.

*

ಪದವಿ ಕಾಲೇಜಿನಲ್ಲಿ ಆಟ ಕಲಿಸಿ ಏನಾಗಬೇಕು, ಆಡುವವರು ಸಣ್ಣದರಿಂದಲೇ ಆಡುತ್ತಾರೆ ಎಂದು ಹೇಳುವವರಿದ್ದಾರೆ. ಅವರಿಗೆ ನಮ್ಮ ಪಕ್ಕದ ವಂಡ್ಸೆಯ ಗುರುರಾಜ ಪೂಜಾರಿಯವರ ಕಥೆ ಹೇಳಬೇಕು. ವಾಹನ ಚಾಲಕರ ಮಗ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಸುಶೀಲ್ ಕುಮಾರ್ ಪದಕ ಗೆದ್ದದ್ದನ್ನು ನೋಡಿ ಕುಸ್ತಿ ಹಿಡಿದವರು. ಭಾರ ಎತ್ತುವ ಕಬ್ಬಿಣದ ಸಲಾಕೆ ಅವರ ಕೈಗೆ ಬಂದದ್ದು ಪದವಿ ಓದಲು ಉಜಿರೆಯ ಎಸ್.ಡಿ.ಎಂ. ಕಾಲೇಜಿಗೆ ಹೋದ ಮೇಲೆ. ಅಲ್ಲಿನ ತರಬೇತುದಾರರು ಅವರ ಮೈಕಟ್ಟು ನೋಡಿ ಕುಸ್ತಿಯಿಂದ ವೇಟ್‌ಲಿಫ್ಟಿಂಗ್‌ಗೆ ತಂದರು. 2018ರ ಏಪ್ರಿಲ್‌ನಲ್ಲಿ ಗೋಲ್ಡ್‌ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದ ಮೊದಲ ದಿನವೇ ಅವರು 56 ಕಿಲೋ ವಿಭಾಗದಲ್ಲಿ ಒಟ್ಟು 249 ಕಿಲೋ ಎತ್ತಿ ಬೆಳ್ಳಿ ಗೆದ್ದರು. ಆ ಕೂಟದಲ್ಲಿ ಭಾರತದ ಮೊದಲ ಪದಕ ಅದು. 2022ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ 61 ಕಿಲೋ ವಿಭಾಗದಲ್ಲಿ 269 ಕಿಲೋ ಎತ್ತಿ ಕಂಚು ತಂದರು.

ಪದಕಕ್ಕಾಗಿ ಈ ಕಥೆ ಹೇಳುತ್ತಿಲ್ಲ. ಹದಿನೆಂಟರ ಹುಡುಗನ ಮೈಯಲ್ಲಿ ಏನಿದೆ ಎಂದು ನೋಡಿ ಹೇಳುವವರೊಬ್ಬರು ಒಂದು ಕಾಲೇಜಿನಲ್ಲಿದ್ದರು, ಎತ್ತಲು ಅಲ್ಲಿ ಭಾರವೂ ಇತ್ತು. ನಮ್ಮ ಕಾಲೇಜುಗಳ ಬೀಗ ಹಾಕಿದ ಕೋಣೆಗಳ ಮುಂದೆ ಎಷ್ಟು ಗುರುರಾಜರು ಕೋರ್ಟಿನ ಚಿತ್ರ ಬಿಡಿಸಿ ಮನೆಗೆ ಹೋಗಿರಬಹುದು?

ಸಿದ್ದಾಪುರ ಬಳಿಯ ಜನ್ಸಾಲೆಯ ಅಶ್ವಿನಿ ಅಕ್ಕುಂಜಿಯವರ ಕಥೆಯನ್ನೂ ಪೂರ್ತಿ ಹೇಳಬೇಕು. 2010ರಲ್ಲಿ ದೆಹಲಿಯ ಕಾಮನ್‌ವೆಲ್ತ್ ಕೂಟದ ರಿಲೇಯಲ್ಲಿ ಚಿನ್ನ, ಮುಂದಿನ ತಿಂಗಳು ಗುವಾಂಗ್‌ಜೌ ಏಷ್ಯನ್ ಕೂಟದಲ್ಲಿ 400 ಮೀಟರ್ ಹರ್ಡಲ್ಸ್‌ನಲ್ಲೂ ರಿಲೇಯಲ್ಲೂ ಚಿನ್ನ. ನಮ್ಮ ತಾಲೂಕಿನ ಹುಡುಗಿ ಓಡುವುದನ್ನು ಟೀವಿಯಲ್ಲಿ ನೋಡಿದ ದಿನ ನಾವು ಅಡಿಗೆಮನೆಗೆ ಹೋಗಿ ಒಬ್ಬರೇ ಅತ್ತೆವು. ಯಾಕೆಂದು ಯಜಮಾನರಿಗೆ ಹೇಳಲಾಗಲಿಲ್ಲ. ಮರುವರ್ಷ ಅವರ ಮೂತ್ರದ ಪರೀಕ್ಷೆಯಲ್ಲಿ ಸ್ಟೀರಾಯ್ಡ್ ಸಿಕ್ಕಿ ನಿಷೇಧವಾಯಿತು. ಕೋಚ್ ಕೊಟ್ಟ ಜಿನ್‌ಸೆಂಗ್ ಗುಳಿಗೆಯಿಂದ ಆದದ್ದು ಎಂದು ಅವರ ವಾದ. ರಾಷ್ಟ್ರೀಯ ಶಿಬಿರದಲ್ಲಿದ್ದ, ಏಷ್ಯಾ ಗೆದ್ದ ಓಟಗಾರ್ತಿಗೇ ತಾನು ನುಂಗುತ್ತಿರುವ ಗುಳಿಗೆಯಲ್ಲಿ ಏನಿದೆ ಎಂದು ತಿಳಿಯಲಿಲ್ಲವಾದರೆ ನಮ್ಮ ಮನೆಯ ಹುಡುಗರ ಪಾಡೇನು?

ಇದನ್ನು ಹೇಳಲು ಕಾರಣವಿದೆ. ನಮ್ಮ ಅಣ್ಣನ ಮಗ ಡಿಗ್ರಿ ಓದುವಾಗ ಜಿಮ್ ಸೇರಿದ. ಸೇರಿದ ವಾರದಲ್ಲೇ ನಾಲ್ಕು ಸಾವಿರ ರೂಪಾಯಿಯ ಪುಡಿಯ ಡಬ್ಬಿ ಮನೆಗೆ ಬಂತು. ಗಲ್ಫಿನಲ್ಲಿರುವ ಅವನ ಅಬ್ಬಾ ಕಳಿಸಿದ ದುಡ್ಡು. ಡಬ್ಬಿಯ ಮೇಲೆ ತೋಳು ಉಬ್ಬಿದ ಗಂಡಸಿನ ಚಿತ್ರ. ಒಳಗೆ ಏನಿದೆ ಎಂದು ಕೇಳಿದರೆ, "ಪ್ರೋಟೀನ್ ಫುಪ್ಪೀ, ನಿಮಗೆ ಗೊತ್ತಾಗಲಿಕ್ಕಿಲ್ಲ" ಎಂದ. ನಾವು ಬಂಗುಡೆ ಸಾರು ಬಡಿಸುತ್ತಾ ಇದರಲ್ಲೂ ಅದೇ ಇದೆಯಂತಲ್ಲ ಎಂದರೆ ನಕ್ಕ. ಮೂರು ತಿಂಗಳಲ್ಲಿ ಹೆಚ್ಚು ಭಾರ ಎತ್ತಲು ಹೋಗಿ ಬೆನ್ನು ಹಿಡಿಸಿಕೊಂಡು ಮಲಗಿದ. ಬೆನ್ನು ನೇರ ಇಟ್ಟು, ಮಂಡಿ ಮಡಚಿ ಎತ್ತಬೇಕು ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಮೊಬೈಲಿನಲ್ಲಿ ನೋಡಿದ್ದು, ಗೆಳೆಯರು ಮಾಡಿದ್ದು, ಅಷ್ಟೇ.

2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ನಲವತ್ತಾರನೆಯ ವಯಸ್ಸಿಗೆ ಹೃದಯಾಘಾತದಿಂದ ತೀರಿಕೊಂಡಾಗ, ಬೆಳಿಗ್ಗೆ ವ್ಯಾಯಾಮ ಮಾಡಿದ ಮೇಲೆ ಅವರಿಗೆ ಅಸೌಖ್ಯವಾಯಿತು ಎಂಬ ಸುದ್ದಿ ಮನೆಮನೆಯಲ್ಲಿ ಹಬ್ಬಿತು. ಆಗ ನಮ್ಮ ಕೇರಿಯಲ್ಲಿ ತಾಯಂದಿರು ಮಕ್ಕಳನ್ನು ಜಿಮ್ ಬಿಡಿಸಿದರು. ಆರು ತಿಂಗಳು ಹೆದರಿಕೆ, ಮತ್ತೆ ಪುಡಿ ಡಬ್ಬಿ. ನಡುವೆ ಇರಬೇಕಾದ ತಿಳುವಳಿಕೆ ಮಾತ್ರ ಎಲ್ಲೂ ಇಲ್ಲ. ಆ ತಿಳುವಳಿಕೆ ಕೊಡಬೇಕಾದ್ದು ಕಾಲೇಜಿನ ಆ ಎರಡು ಗಂಟೆ.

*

ಇನ್ನು ನಮ್ಮ ಹುಡುಗಿಯರ ವಿಷಯ. 2022ರ ಫೆಬ್ರವರಿಯಲ್ಲಿ ಕುಂದಾಪುರದ ಕಾಲೇಜು ಗೇಟಿನ ಮುಂದೆ ನಿಂತ ಹುಡುಗಿಯರನ್ನು ದೇಶವೆಲ್ಲ ಟೀವಿಯಲ್ಲಿ ನೋಡಿತು. ಅದರ ಬಗ್ಗೆ ಬರೆದದ್ದು ಸಾಕಷ್ಟಿದೆ, ಇಲ್ಲಿ ಮತ್ತೆ ಬರೆಯುವುದಿಲ್ಲ. ಒಂದು ಮಾತು ಮಾತ್ರ. ಆ ವರ್ಷ ನಮ್ಮ ಹುಡುಗಿಯರ ಬಟ್ಟೆಯ ಬಗ್ಗೆ ಎಲ್ಲರೂ ಮಾತಾಡಿದರು. ಅವರ ಮೈಯ ಬಗ್ಗೆ, ರಕ್ತಹೀನತೆಯ ಬಗ್ಗೆ, ಹದಿನೆಂಟಕ್ಕೇ ಏದುಸಿರು ಬರುವುದರ ಬಗ್ಗೆ ಯಾರೂ ಮಾತಾಡಲಿಲ್ಲ. ನಾವೂ ಮಾತಾಡಲಿಲ್ಲ.

ಮೈ ಮುಚ್ಚಿಕೊಂಡು ಆಡಲು ಬರುವುದಿಲ್ಲ ಎನ್ನುವ ವಾದವನ್ನು ನಾವು ಎರಡೂ ಕಡೆಯಿಂದ ಕೇಳಿದ್ದೇವೆ. ಒಂದು ಕಡೆಯವರು, ಹಾಗಾಗಿ ಬಟ್ಟೆ ಬಿಡಿ ಎನ್ನುತ್ತಾರೆ. ಇನ್ನೊಂದು ಕಡೆಯವರು, ಹಾಗಾಗಿ ಆಟ ಬಿಡಿ ಎನ್ನುತ್ತಾರೆ. ಕುಲ್ಸೂಮ್ ಅಬ್ದುಲ್ಲಾ ಎಂಬ ಪಾಕಿಸ್ತಾನಿ ಮೂಲದ ಅಮೆರಿಕದ ಹೆಣ್ಣುಮಗಳು ಎರಡನ್ನೂ ಒಪ್ಪಲಿಲ್ಲ. ಎಂಜಿನಿಯರಿಂಗ್‌ನಲ್ಲಿ ಡಾಕ್ಟರೇಟ್ ಪಡೆದಾಕೆ. ತಲೆ, ತೋಳು, ಕಾಲು ಮುಚ್ಚಿಕೊಂಡು ಭಾರ ಎತ್ತುತ್ತೇನೆ ಎಂದರು. ಮೊಣಕೈ, ಮಂಡಿ ಕಾಣದಿದ್ದರೆ ತೀರ್ಪುಗಾರರು ನೋಡುವುದು ಹೇಗೆ ಎಂಬ ಆಕ್ಷೇಪ ಬಂತು. ಮೈಗೆ ಅಂಟುವ ಪೂರ್ತಿ ಉಡುಪು ಹಾಕಿದರೆ ಕೀಲು ಕಾಣುತ್ತದೆ ಎಂದು ತೋರಿಸಿಕೊಟ್ಟರು. 2011ರಲ್ಲಿ ಅಂತಾರಾಷ್ಟ್ರೀಯ ವೇಟ್‌ಲಿಫ್ಟಿಂಗ್ ಒಕ್ಕೂಟ ನಿಯಮ ಬದಲಿಸಿತು. ಅದೇ ವರ್ಷ ಅವರು ಪ್ಯಾರಿಸ್‌ನ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಸ್ಪರ್ಧಿಸಿದರು. ಫುಟ್‌ಬಾಲ್ 2014ರಲ್ಲಿ, ಬಾಸ್ಕೆಟ್‌ಬಾಲ್ 2017ರಲ್ಲಿ ತಲೆವಸ್ತ್ರಕ್ಕೆ ಒಪ್ಪಿಗೆ ಕೊಟ್ಟವು. ಇನ್ನೊಂದು ಕಡೆ ನಿಜಾಮಾಬಾದಿನ ನಿಖತ್ ಝರೀನ್ ಬಾಕ್ಸಿಂಗ್ ಉಡುಪಿನಲ್ಲೇ ರಿಂಗಿಗೆ ಇಳಿದು 2022 ಮತ್ತು 2023ರಲ್ಲಿ ವಿಶ್ವ ಚಾಂಪಿಯನ್ ಆದರು. ಅವರಿಗೂ ನೆರೆಹೊರೆಯ ಮಾತು ತಪ್ಪಲಿಲ್ಲ. ಆದರೆ ಅವರ ಅಬ್ಬಾ ಮಗಳ ಬೆನ್ನಿಗೆ ನಿಂತರು. ನಮ್ಮ ಅಬ್ಬಾನ ಮೌನ ನೆನಪಾಗುವುದು ಇಂಥ ಕಡೆ.

*

ಮಗಳ ಎರಡನೆಯ ವರ್ಷದಲ್ಲಿ ಅವಳ ಕಾಲೇಜಿಗೆ ದೈಹಿಕ ಶಿಕ್ಷಣಕ್ಕೆ ಒಬ್ಬ ಹೆಣ್ಣುಮಗಳು ಅತಿಥಿ ಉಪನ್ಯಾಸಕಿಯಾಗಿ ಬಂದರು. ಘಟ್ಟದ ಮೇಲಿನವರು. ಮೊದಲ ದಿನ ರೆಕಾರ್ಡ್ ಪುಸ್ತಕಗಳನ್ನೆಲ್ಲ ಬೆಂಚಿನ ಮೇಲೆ ಇಡಿಸಿ ಹುಡುಗಿಯರನ್ನು ಹೊರಗೆ ಕರೆದುಕೊಂಡು ಹೋದರಂತೆ. ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ನಾಡಿ ಹುಡುಕಲು ಹೇಳಿದರಂತೆ. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಬೇಕು. ಅರ್ಧ ಮಂದಿಗೆ ತಮ್ಮ ನಾಡಿ ಎಲ್ಲಿದೆ ಎಂದೇ ಸಿಗಲಿಲ್ಲವಂತೆ.

"ಅಮ್ಮೀ, ಹತ್ತೊಂಬತ್ತು ವರ್ಷ ಇದು ನನ್ನ ಕೈಯಲ್ಲೇ ಹೊಡಕೊಳ್ಳುತ್ತಾ ಇತ್ತು, ನಾನು ಒಮ್ಮೆಯೂ ಮುಟ್ಟಿ ನೋಡಿಲ್ಲ" ಎಂದು ಮಗಳು ಆ ರಾತ್ರಿ ಹೇಳಿದಳು.

ಆ ಟೀಚರು ಕಲಿಸಿದ್ದು ದೊಡ್ಡ ಸಂಗತಿಗಳೇನಲ್ಲ. ಇನ್ನೂರ ಇಪ್ಪತ್ತರಿಂದ ನಿಮ್ಮ ವಯಸ್ಸು ಕಳೆಯಿರಿ. ಅದು ನಿಮ್ಮ ಹೃದಯದ ಓಟದ ಮೇಲಿನ ಮಿತಿ, ಅಂದಾಜಿಗೆ. ನಡೆಯುವಾಗ ಮಾತಾಡಲು ಬರಬೇಕು, ಹಾಡಲು ಬರಬಾರದು. ಆಗ ನಡಿಗೆಯ ವೇಗ ಸರಿಯಾಗಿದೆ. ನೆಲದಿಂದ ಬಿಂದಿಗೆ ಎತ್ತುವಾಗ ಸೊಂಟ ಬಗ್ಗಿಸಬೇಡಿ, ಮಂಡಿ ಮಡಚಿ. ಮುಟ್ಟಿನ ದಿನ ಓಡಬಾರದು ಎಂದೇನಿಲ್ಲ. ಮೈ ಒಪ್ಪಿದಷ್ಟು ಮಾಡಿ. ಹನ್ನೆರಡು ನಿಮಿಷದಲ್ಲಿ ಎಷ್ಟು ದೂರ ಹೋಗುತ್ತೀರಿ ಎಂದು ಅಳೆಯಿಸಿದರು. ಇದು ಅಮೆರಿಕದ ವಾಯುಪಡೆಯ ವೈದ್ಯ ಕೆನೆತ್ ಕೂಪರ್ 1968ರಲ್ಲಿ ರೂಪಿಸಿದ ಪರೀಕ್ಷೆ. ಮೈದಾನ ಮತ್ತು ಗಡಿಯಾರ ಇದ್ದರೆ ಸಾಕು, ಬೇರೇನೂ ಬೇಡ. ಮಳೆ ಬಂದ ದಿನ ತರಗತಿಯ ಬೆಂಚು ಸರಿಸಿ ಅಲ್ಲೇ ಬಸ್ಕಿ, ಗೋಡೆಗೆ ಕೈಯೂರಿ ದಂಡ. ಸಡಿಲ ಟ್ರ್ಯಾಕ್‌ಸೂಟು, ತಲೆಗೆ ಪಿನ್ನಿಲ್ಲದ ಹೊಲಿದ ಸ್ಕಾರ್ಫು ಹಾಕಿ ಬರಬಹುದೇ ಎಂದು ನಮ್ಮ ಹುಡುಗಿಯರು ಕೇಳಿದಾಗ, "ಪಿನ್ನು ಚುಚ್ಚದಿದ್ದರೆ ಸಾಕು ಮಾರಾಯ್ರೆ, ಓಡಿ" ಎಂದರಂತೆ. ಸೂರ್ಯನಮಸ್ಕಾರಕ್ಕೆ ಹಿಂಜರಿದವರಿಗೆ ಬೇರೆ ಆಸನ, ಉಸಿರಾಟ ಹೇಳಿಕೊಟ್ಟರು. ಅಲ್ಲಿಗೆ ಆ ಚರ್ಚೆ ಮುಗಿಯಿತು.

ಹನ್ನೆರಡು ನಿಮಿಷದ ಪರೀಕ್ಷೆಯಲ್ಲಿ ಎಲ್ಲರಿಗಿಂತ ಮುಂದೆ ಬಂದವಳು ಗಂಗೊಳ್ಳಿ ಕಡೆಯ ಮೀನುಗಾರರ ಹುಡುಗಿ. ಅವಳು ಯಾವ ಆಟವನ್ನೂ ಆಡಿದವಳಲ್ಲ. ರಜೆಯಲ್ಲಿ ಅಮ್ಮನ ಜೊತೆ ಬಂದರಿನಲ್ಲಿ ಬುಟ್ಟಿ ಹೊತ್ತವಳು. ಅವಳ ರೆಕಾರ್ಡ್ ಪುಸ್ತಕದ ಅಂಕ ತರಗತಿಯಲ್ಲೇ ಕಡಿಮೆ, ಚಿತ್ರ ಬಿಡಿಸಲು ಬರುತ್ತಿರಲಿಲ್ಲ. ಈ ಸಂಗತಿ ಕೇಳಿದ ಮೇಲೆ ನಮಗೆ ಬಹಳ ಹೊತ್ತು ನಿದ್ದೆ ಬರಲಿಲ್ಲ.

ಹಾಗೆಂದು ದುಡಿಯುವವರಿಗೆ ವ್ಯಾಯಾಮ ಬೇಡ ಎನ್ನುವ ಮಾತನ್ನೂ ನಾವು ಒಪ್ಪುವುದಿಲ್ಲ. ನಮ್ಮ ಅಮ್ಮೀ ಮೂವತ್ತು ವರ್ಷ ಬೀಡಿ ಕಟ್ಟಿದರು. ಮೊರ ತೊಡೆಯ ಮೇಲಿಟ್ಟು, ಕತ್ತು ಬಗ್ಗಿಸಿ, ದಿನಕ್ಕೆ ಎಂಟು ಗಂಟೆ. ಮೈಮುರಿದು ದುಡಿದರು, ಮೈ ಮುರಿದೂ ಹೋಯಿತು. ಕತ್ತು ಎತ್ತಲು, ಭುಜ ತಿರುಗಿಸಲು, ಗಂಟೆಗೊಮ್ಮೆ ಎದ್ದು ಹತ್ತು ಹೆಜ್ಜೆ ನಡೆಯಲು ಅವರಿಗೆ ಒಬ್ಬರಾದರೂ ಹೇಳಿದ್ದರೆ? ಗೇರುಬೀಜ ಕಾರ್ಖಾನೆಯಲ್ಲಿ ಕೂತು ಸಿಪ್ಪೆ ತೆಗೆಯುವವರಿಗೆ, ಬುಟ್ಟಿ ಹೊತ್ತು ಕತ್ತು ನೋಯಿಸಿಕೊಂಡವರಿಗೆ ಆ ಮಾತು ಕಾಲೇಜಿಗೆ ಹೋದ ಮಗಳ ಮೂಲಕವೇ ತಲುಪಬೇಕು. ಬೇರೆ ದಾರಿ ನಮಗೆ ಕಾಣುವುದಿಲ್ಲ.

ನಮ್ಮ ಮನೆಗೆ ಅದು ಹಾಗೆಯೇ ತಲುಪಿತು. ಆ ವರ್ಷವೇ ನಮಗೆ ಸಕ್ಕರೆ ಕಾಯಿಲೆ ಇರುವುದು ಗೊತ್ತಾಯಿತು. ಖಾಲಿಹೊಟ್ಟೆಯಲ್ಲಿ ನೂರ ನಲವತ್ತೆಂಟು. ಡಾಕ್ಟರು ಮಾತ್ರೆ ಬರೆದು, "ವಾಕಿಂಗ್ ಮಾಡಿ" ಎಂದರು. ಎಷ್ಟು, ಹೇಗೆ ಎಂದು ಕೇಳುವಷ್ಟರಲ್ಲಿ ಮುಂದಿನ ರೋಗಿ ಒಳಗೆ ಬಂದಾಗಿತ್ತು. ಹೇಗೆ ಎಂದು ಹೇಳಿದವಳು ಮಗಳು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು ವಾರಕ್ಕೆ ಕನಿಷ್ಠ ನೂರೈವತ್ತು ನಿಮಿಷ, ಅದರ ಜೊತೆ ವಾರಕ್ಕೆ ಎರಡು ದಿನ ಸ್ನಾಯು ಬಲಪಡಿಸುವ ಕೆಲಸ. ಅವಳು ಅದನ್ನು ಕ್ಯಾಲೆಂಡರಿನ ಹಿಂದೆ ಬರೆದು ಹಚ್ಚಿದಳು.

ಈಗ ಫಜರ್ ನಮಾಜಿನ ನಂತರ ಇಬ್ಬರೂ ಕೋಡಿಯ ಕಡೆ ನಡೆಯುತ್ತೇವೆ. ನಮಾಜೇ ದೊಡ್ಡ ವ್ಯಾಯಾಮ, ಬೇರೆ ಯಾಕೆ ಎಂದು ನೆಂಟರೊಬ್ಬರು ಕೇಳಿದರು. ಇಬಾದತ್ ಇಬಾದತ್ತೇ ಭಾಯಿಜಾನ್, ಅದನ್ನು ಸಕ್ಕರೆ ಇಳಿಸಲಿಕ್ಕೆ ಮಾಡಿದರೆ ಅದರ ಮರ್ಯಾದೆ ಉಳಿಯುತ್ತದೆಯೇ ಎಂದೆವು. ಮೊದಮೊದಲು ಬುರ್ಖಾ ಹಾಕಿ ಬಿರುಸಾಗಿ ನಡೆಯುವವರನ್ನು ಕಂಡು ಜನ ಯಾರಿಗೋ ಹುಷಾರಿಲ್ಲವೇನೋ ಎಂದು ತಿಳಿಯುತ್ತಿದ್ದರು. ಮೀನಿಗೆ ಹೊರಟ ಹೆಂಗಸೊಬ್ಬರು, "ಎಂತ ಅಮ್ಮ, ಇಷ್ಟ್ ಬೆಳಿಗ್ಗೆ ಎಲ್ಲಿಗ್ ಹೊರ್ಟ್ರಿ?" ಎಂದು ಗಾಬರಿಯಿಂದ ಕೇಳಿದರು. ಎಲ್ಲಿಗೂ ಇಲ್ಲ, ಸುಮ್ಮನೆ ನಡೆಯಲಿಕ್ಕೆ ಎಂದರೆ ಬಿದ್ದು ಬಿದ್ದು ನಕ್ಕರು. ಈಗ ನಮ್ಮ ಜೊತೆ ನಾಲ್ಕು ಮಂದಿ ಇದ್ದಾರೆ. ಖಾಲಿಹೊಟ್ಟೆಯ ಸಕ್ಕರೆ ನೂರ ಹದಿನೆಂಟಕ್ಕೆ ಬಂದಿದೆ. ಮಾತ್ರೆ ಬಿಟ್ಟಿಲ್ಲ, ನಡಿಗೆಯನ್ನೂ ಬಿಟ್ಟಿಲ್ಲ.

*

ಆ ಟೀಚರು ಒಂದೇ ವರ್ಷ ಇದ್ದರು. ಅತಿಥಿ ಉಪನ್ಯಾಸಕರ ನೇಮಕ ವರ್ಷ ವರ್ಷ ಹೊಸದು. ಮರುವರ್ಷ ಅವರು ಬರಲಿಲ್ಲ, ಚೆಂಡಿನ ಕೋಣೆಗೆ ಮತ್ತೆ ಬೀಗ ಬಿತ್ತು. 2024-25ರಿಂದ ರಾಜ್ಯ ನಾಲ್ಕು ವರ್ಷದ ಪದವಿಯನ್ನು ಕೈಬಿಟ್ಟು ಹಳೆಯ ಮೂರು ವರ್ಷದ ಪದ್ಧತಿಗೆ ಮರಳಿತು. ಪಠ್ಯಕ್ರಮಗಳು ಸರಕಾರದ ಜೊತೆ ಬರುತ್ತವೆ, ಹೋಗುತ್ತವೆ. ಹದಿನೆಂಟರಿಂದ ಇಪ್ಪತ್ತೊಂದರವರೆಗಿನ ಆ ಮೂರು ವರ್ಷಗಳು ಮಾತ್ರ ಒಮ್ಮೆಯೇ ಬರುತ್ತವೆ. ಅದರ ನಂತರ ಹುಡುಗರಿಗೆ ಬೆಂಗಳೂರು ಅಥವಾ ಗಲ್ಫು, ಹುಡುಗಿಯರಿಗೆ ಮದುವೆ. ಮೈಯನ್ನು ನೋಡಿಕೊಳ್ಳುವುದನ್ನು ಕಲಿಯಲು ಬಿಡುವು ಸಿಗುವುದು ರೋಗ ಬಂದ ಮೇಲೆ.

ನಾವು ಕೇಳುವುದು ದೊಡ್ಡ ಕ್ರೀಡಾಂಗಣವನ್ನಲ್ಲ. ಪ್ರತಿ ಕಾಲೇಜಿಗೂ ಕಾಯಂ ದೈಹಿಕ ಶಿಕ್ಷಣದವರೊಬ್ಬರು; ಹುಡುಗಿಯರು ಇರುವಲ್ಲಿ ಒಬ್ಬ ಹೆಣ್ಣುಮಗಳು. ಬಟ್ಟೆ ಬದಲಿಸಲು ಚಿಲಕವಿರುವ ಒಂದು ಕೋಣೆ, ನೀರಿರುವ ಶೌಚಾಲಯ. ಮಳೆಗಾಲಕ್ಕೆ ಒಂದು ಸೂರು. ಆ ಎರಡು ಗಂಟೆ ಬಸ್ಸಿನ ಹೊತ್ತಿಗೆ ಮೊದಲೇ ಮುಗಿಯಬೇಕು. ಅಂಕ ಕೊಡಲೇಬೇಕಾದರೆ, ಹುಡುಗಿ ಜೂನ್‌ನಲ್ಲಿ ಎಷ್ಟು ದೂರ ನಡೆದಳು, ಮಾರ್ಚ್‌ನಲ್ಲಿ ಎಷ್ಟು ನಡೆದಳು ಎಂದು ನೋಡಿ ಕೊಡಲಿ. ಮತ್ತು ನಮ್ಮ ಸಮಾಜದ ತಂದೆತಾಯಿಗಳಿಗೆ ಒಂದು ಮಾತು: ಮಗಳು ಆಟದ ವಿಷಯ ತೆಗೆದಾಗ ಸುಮ್ಮನಿರಬೇಡಿ. ಹೋಗು ಎಂದು ಬಾಯಿಬಿಟ್ಟು ಹೇಳಿ. ಸುಮ್ಮನಿದ್ದರೆ ಮಕ್ಕಳು ಅದನ್ನು ಹೇಗೆ ಓದಿಕೊಳ್ಳುತ್ತಾರೆ ಎಂದು ನಮಗೆ ಗೊತ್ತಿದೆ.

ಮಗಳ ಪದವಿ 2025ರಲ್ಲಿ ಮುಗಿಯಿತು. ಮೊನ್ನೆ ಗುಜರಿಯವ ಬಂದಾಗ ಹಳೆಯ ಪುಸ್ತಕಗಳ ಜೊತೆ ಆ ರೆಕಾರ್ಡ್ ಪುಸ್ತಕವನ್ನೂ ತೂಕಕ್ಕೆ ಹಾಕಿದಳು. ವಾಲಿಬಾಲ್ ಕೋರ್ಟಿನ ಪುಟ ಈಗಲೂ ಚೆನ್ನಾಗಿಯೇ ಇತ್ತು. ಕ್ಯಾಲೆಂಡರು ಹಳೆಯದಾಗಿದೆ, ಅದನ್ನೂ ಕೊಡಲೇ ಎಂದು ಕೇಳಿದಳು. ಬೇಡ ಎಂದೆವು. ಅದರ ಹಿಂದೆ ಅವಳ ಕೈಬರಹದಲ್ಲಿ ನೂರೈವತ್ತು ನಿಮಿಷದ ಲೆಕ್ಕವಿದೆ. 2023ರ ಡಿಸೆಂಬರ್‌ನಿಂದ ನಮ್ಮಿಬ್ಬರ ನಾಡಿಯ ಅಂಕಿಗಳೂ ಇವೆ.